ದೊಡ್ಡ ನಳಿಗೆಯ ಏರ್ ರೈಫಲ್‌ನಲ್ಲಿ ಜಿಂಕೆ ಬೇಟೆ: ಟೆಕ್ಸಸ್ ಕಡೆಯವರು ಸ್ವಲ್ಪ ಹೇಳಿ

ಅರಸೀಕೆರೆ_ಆಸ್ಟಿನ್:

ಎಲ್ಲರಿಗೂ ನಮಸ್ಕಾರ. ನಾನಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಎಚ್-1ಬಿ ವೀಸಾ ಮೇಲೆ. ಜೊತೆಗೆ ಕೆಲಸ ಮಾಡೋರೊಬ್ಬರ ಮಾವನಿಗೆ ಜಂಕ್ಷನ್ ಅನ್ನೋ ಊರಿನ ಹತ್ರ ಜಮೀನಿದೆ. ಅಲ್ಲಿ ಆಕ್ಸಿಸ್ ಜಿಂಕೆ ವಿಪರೀತ. ಬಂಡೀಪುರದ ರಸ್ತೆ ಪಕ್ಕ ನೋಡ್ತೀವಲ್ಲ, ಅದೇ ನಮ್ಮ ಚುಕ್ಕೆ ಜಿಂಕೆ. "ಮನೆಗೆ ಮಾಂಸ ಬೇಕಾದರೆ ಬಂದು ಹೊಡ್ಕೊಂಡು ಹೋಗು" ಅಂದಿದ್ದಾರೆ.

ಬಂದೂಕು ಕೊಳ್ಳೋಕೆ ನನ್ನ ವೀಸಾದಲ್ಲಿ ತೊಡಕಿದೆ ಅಂತ ಕೇಳಿದ್ದೆ. ಅಂಗಡಿಯವನು .457 ಕ್ಯಾಲಿಬರ್‌ನ (ಅಂದ್ರೆ ನಳಿಗೆಯ ಅಗಲ, ಇಂಚಿನ ಲೆಕ್ಕದಲ್ಲಿ) ಏರ್ ರೈಫಲ್ ತೋರಿಸಿದ. ಸೀಸದ ಗುಂಡು ನನ್ನ ಕಿರುಬೆರಳಿನಷ್ಟು ದಪ್ಪ ಇತ್ತು. ನನಗೆ ಗೊತ್ತಿರೋ ಏರ್ ರೈಫಲ್ ಅಂದ್ರೆ ಜಾತ್ರೆಯಲ್ಲಿ ಬಲೂನ್ ಹೊಡೆಯೋದು, ಇಲ್ಲಾಂದ್ರೆ ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದಿದ್ದು. ಇದರಿಂದ ಜಿಂಕೆ ನಿಜವಾಗಿ ಒಂದೇ ಏಟಿಗೆ ಬೀಳುತ್ತಾ? ಎಷ್ಟು ದೂರದಿಂದ ಹೊಡೀಬಹುದು? ಕಾನೂನು ಏನು? ಈ ಸೆಕೆಯಲ್ಲಿ ಮಾಂಸ ಹೇಗೆ ಉಳಿಸ್ಕೊಳ್ಳೋದು? ಪ್ರಾಣಿ ನರಳಬಾರದು ಅನ್ನೋದೇ ನನ್ನ ಮುಖ್ಯ ಚಿಂತೆ.

ಕೆರ್‌ವಿಲ್_ಮಲೆನಾಡಿಗ:

ಬೀಳುತ್ತೆ. ಆದರೆ ಹತ್ತಿರದಿಂದ ಹೊಡೆದರೆ ಮಾತ್ರ. ಉಳಿದಿದ್ದೆಲ್ಲ ಇದರ ವಿವರಣೆ ಅಷ್ಟೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ನಾನು ಕೊಪ್ಪ ಕಡೆಯವನು, ಈಗ ಟೆಕ್ಸಸ್‌ನ ಹಿಲ್ ಕಂಟ್ರಿ ಅನ್ನೋ ಗುಡ್ಡಗಾಡಿನಲ್ಲಿದ್ದೀನಿ. ಇಲ್ಲಿ ಕೋವಿಯಲ್ಲೂ ಹೊಡೆದಿದ್ದೀನಿ, ಗಾಳಿ ರೈಫಲ್‌ನಲ್ಲೂ ಹೊಡೆದಿದ್ದೀನಿ. ಎರಡೂ ಕೊಲ್ಲೋ ರೀತಿ ಬೇರೆ. .308 ತರಹದ ರೈಫಲ್ ಗುಂಡಿಗೆ ನಳಿಗೆ ಬಾಯಲ್ಲಿ 2,600 ಫುಟ್‌ಪೌಂಡ್ ಆಸುಪಾಸು ಶಕ್ತಿ ಇರುತ್ತೆ. ಅದರ ವೇಗಕ್ಕೇ ಒಳಗಿನ ಅಂಗ ಛಿದ್ರ ಆಗುತ್ತೆ. ನೀವು ನೋಡಿದ .457ರಲ್ಲಿ 350 ಗ್ರೇನ್ ತೂಕದ (ಸುಮಾರು 23 ಗ್ರಾಂ) ಗುಂಡು ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೋದರೆ 500 ಫುಟ್‌ಪೌಂಡ್ ಹತ್ತಿರ ಬರುತ್ತೆ. ಅದು ಪ್ರಾಣಿಯನ್ನ ಕೆಡವೋದು ಹೊಡೆತದ ಜೋರಿನಿಂದ ಅಲ್ಲ. ಈ ಕಡೆಯಿಂದ ಆ ಕಡೆಗೆ ದಪ್ಪ ತೂತು ಮಾಡ್ಕೊಂಡು ಆಚೆ ಹೋಗುತ್ತೆ, ನೆತ್ತರು ಸುರಿದು ಪ್ರಾಣ ಹೋಗುತ್ತೆ. ಹಾಗಾಗಿ ತೂತು ಎಲ್ಲಿ ಬೀಳುತ್ತೆ ಅನ್ನೋದೇ ಎಲ್ಲ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು. ಮುಂಗಾಲಿನ ಹಿಂಬದಿ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಅಲ್ಲಿ ಎರಡೂ ಶ್ವಾಸಕೋಶ ಸಿಗುತ್ತೆ, ಸ್ವಲ್ಪ ಕೆಳಗೆ ಬಿದ್ದರೆ ಹೃದಯ. ಭುಜದ ಮೂಳೆಗೆ ಇಡಬೇಡಿ, .357ರಂಥ ಸಣ್ಣದರಲ್ಲಂತೂ ಬೇಡವೇ ಬೇಡ. ತಲೆಗೂ ಬೇಡ. ಜಿಂಕೆ ತಲೆ ಆಡಿಸ್ತಾನೇ ಇರುತ್ತೆ. ದವಡೆ ಒಡೆದ ಜಿಂಕೆ ಓಡಿಹೋಗಿ ಹಸಿವಿನಲ್ಲಿ ಸಾಯುತ್ತೆ.

ಇನ್ನು ದೂರ. 50 ಗಜದಲ್ಲಿ ಗುಂಡು ಗುರಿಗೇ ಬೀಳೋ ಹಾಗೆ ಸ್ಕೋಪ್ ಕೂಡಿಸಿದ್ದೀರಿ ಅಂದ್ಕೊಳ್ಳಿ, ಗುಂಡಿನ ವೇಗ 850 ಅಡಿ. 75 ಗಜದಲ್ಲಿ ಗುಂಡು ಹೆಚ್ಚುಕಡಿಮೆ 4 ಇಂಚು ಕೆಳಗಿರುತ್ತೆ. 100 ಗಜಕ್ಕೆ ಹೋದರೆ ಹತ್ತಿರ ಹತ್ತಿರ ಒಂದು ಅಡಿ ಕೆಳಗೆ. ಜಿಂಕೆಯ ಎದೆಯಲ್ಲಿ ನಂಬಿ ಗುರಿಯಿಡುವ ಜಾಗ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ದೂರ ಅಂದಾಜಿನಲ್ಲಿ 20 ಗಜ ತಪ್ಪಿದರೆ ಗುಂಡು ಕಾಲಿಗೆ ಬೀಳುತ್ತೆ, ಇಲ್ಲ ಹೊಟ್ಟೆಗೆ ಬೀಳುತ್ತೆ. ಲೇಸರ್ ರೇಂಜ್‌ಫೈಂಡರ್ ಇಲ್ಲದೆ ಹೊರಡಲೇಬೇಡಿ.

ಯಾರೂ ಹೇಳದ ಇನ್ನೊಂದು ವಿಷಯ ಶಬ್ದ. ಗಾಳಿ ರೈಫಲ್ ಸದ್ದು ಮಾಡಲ್ಲ ಅಂತ ತುಂಬ ಜನ ನಂಬಿದ್ದಾರೆ. ಸಣ್ಣದಕ್ಕೆ ಅದು ಸರಿ. ದೊಡ್ಡ ನಳಿಗೆಯದು ಚೆನ್ನಾಗೇ ಸಿಡಿಯುತ್ತೆ. ಅದೂ ಅಲ್ಲದೆ ಗುಂಡು ಶಬ್ದಕ್ಕಿಂತ ನಿಧಾನ. 100 ಗಜದಲ್ಲಿ ಶಬ್ದ ಮೊದಲು ಮುಟ್ಟಿ, ಸೆಕೆಂಡಿನ ಹತ್ತನೇ ಒಂದು ಭಾಗ ಆದಮೇಲೆ ಗುಂಡು ಬರುತ್ತೆ. ಚುಕ್ಕೆ ಜಿಂಕೆ ಹುಲಿ, ಸೀಳುನಾಯಿಗಳ ಜೊತೆ ಬೆಳೆದ ಜಾತಿ, ಅಷ್ಟರಲ್ಲೇ ಮೈ ತಗ್ಗಿಸಿ ನೆಗೆಯೋಕೆ ಶುರು ಮಾಡಿರುತ್ತೆ. 50 ಗಜದಲ್ಲಿ ಆ ಅಂತರ ಅದರ ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ನನ್ನ ಮಿತಿ 50 ಗಜ. ಗಾಳಿ ಬೀಸದ ದಿನ, ಜಿಂಕೆ ತಲೆ ತಗ್ಗಿಸಿ ಮೇಯ್ತಾ ಇದ್ದರೆ 60. ನಮ್ಮ ಹಿರಿಯರು ಮರೆಯಲ್ಲಿ ಅಡಗಿ ಕಾಯ್ತಾ ಮರಸು ಕೂರ್ತಿದ್ದರಲ್ಲ, ಇದಕ್ಕೂ ಹಾಗೇ ಕೂರಬೇಕು. ನೀರಿನ ಹತ್ರ, ಗಾಳಿ ನಿಮ್ಮ ಮುಖಕ್ಕೆ ಬೀಸೋ ಕಡೆ.

ಸೇಂಟ್‌ಲೂಯಿಸ್_ಗೌಡ:

ಮೇಲಿನವರು ಹೇಳಿದ್ದಕ್ಕೆಲ್ಲ ನನ್ನದೂ ಸಹಿ. ಕಾನೂನಿನ ಬಗ್ಗೆ ನಾನು ಹೇಳ್ತೀನಿ.

ಟೆಕ್ಸಸ್‌ನವರು 2018ರಲ್ಲಿ ಬಿಳಿಬಾಲದ ಜಿಂಕೆಯಂಥ ದೊಡ್ಡ ಪ್ರಾಣಿಗಳಿಗೆ ಏರ್ ರೈಫಲ್ ಒಪ್ಪಿಕೊಂಡರು. ಷರತ್ತು ಸ್ಪಷ್ಟ ಇದೆ. ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳೋ ಪಿಸಿಪಿ ನಮೂನೆಯದೇ ಆಗಿರಬೇಕು. ಕ್ಯಾಲಿಬರ್ ಕನಿಷ್ಠ .30. ಗುಂಡು 150 ಗ್ರೇನ್‌ಗೆ ಕಡಿಮೆ ಇಲ್ಲದೆ 800 ಅಡಿ ವೇಗ ಇರಬೇಕು, ಇಲ್ಲವೇ ತೂಕ, ವೇಗ ಯಾವುದೇ ಇರಲಿ, ಒಟ್ಟು 215 ಫುಟ್‌ಪೌಂಡ್ ಬರಬೇಕು. ಬಿಲ್ಲುಬಾಣದ ಸೀಸನ್‌ನಲ್ಲಿ ಇದನ್ನ ಬಳಸೋ ಹಾಗಿಲ್ಲ. ನಮ್ಮ ಮಿಸೌರಿಯಲ್ಲಿ .40 ಮತ್ತು ಮೇಲೆ ಇರಬೇಕು. ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ, ಗಡಿ ದಾಟೋ ಮುಂಚೆ ಪ್ರತಿ ವರ್ಷ ಹೊಸದಾಗಿ ನೋಡ್ಕೊಳ್ಳಿ.

ಆಕ್ಸಿಸ್ ಟೆಕ್ಸಸ್‌ನಲ್ಲಿ ಹೊರಗಿನಿಂದ ಬಂದ ಪ್ರಾಣಿ ಅನ್ನೋ ಲೆಕ್ಕ. ಅದಕ್ಕೆ ಸೀಸನ್ ಇಲ್ಲ, ಇಷ್ಟೇ ಹೊಡೀಬೇಕು ಅನ್ನೋ ಮಿತಿಯೂ ಇಲ್ಲ. ಆದರೆ ಬೇಟೆ ಲೈಸೆನ್ಸ್ ಬೇಕೇ ಬೇಕು. ಜಮೀನಿನವರ ಒಪ್ಪಿಗೆ ಇಲ್ಲದೆ ಹೊಡೆದರೆ ಅಪರಾಧ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆ ತರಬೇತಿ ಕೋರ್ಸ್ ಮಾಡಿರಬೇಕು. ಟೆಕ್ಸಸ್‌ನಲ್ಲಿ ಆರು ತಿಂಗಳಿಗಿಂತ ಹೆಚ್ಚು ಒಂದೇ ಸಮನೆ ಇದ್ದರೆ ನಿವಾಸಿಗಳ ದರದಲ್ಲೇ ಲೈಸೆನ್ಸ್ ಸಿಗುತ್ತೆ, ಪೌರತ್ವ ಕೇಳಲ್ಲ.

ವೀಸಾ ವಿಷಯ: ಎಚ್-1ಬಿಯಂಥ ವೀಸಾದಲ್ಲಿ ಬಂದವರು ಬಂದೂಕು ಇಟ್ಕೊಳ್ಳೋದನ್ನ ಫೆಡರಲ್ ಕಾನೂನು ತಡೆಯುತ್ತೆ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಏರ್ ರೈಫಲ್‌ನಲ್ಲಿ ಮದ್ದು ಸಿಡಿಯಲ್ಲ, ಹಾಗಾಗಿ ಫೆಡರಲ್ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ. ಆದರೆ ನ್ಯೂಜೆರ್ಸಿಯಂಥ ರಾಜ್ಯದಲ್ಲಿ ಅದನ್ನೂ ಬಂದೂಕು ಅಂತಲೇ ನೋಡ್ತಾರೆ. ಗ್ರೀನ್ ಕಾರ್ಡ್ ಅರ್ಜಿ ನಡೀತಾ ಇದ್ದರೆ ವಕೀಲರನ್ನ ಒಂದು ಮಾತು ಕೇಳಿಬಿಡಿ ತಮ್ಮಾ. ಆ ಖರ್ಚು ರೈಫಲ್ ಮುಂದೆ ದೊಡ್ಡದಲ್ಲ.

ಕಬಿನಿ_ದಂಡೆ:

ನಾನು ಎಚ್.ಡಿ. ಕೋಟೆಯವಳು. ಓದ್ತಾ ಓದ್ತಾ ಸಂಕಟ ಆಯ್ತು. ಯಾರನ್ನೂ ಬಯ್ಯೋಕೆ ಬರೀತಿಲ್ಲ. ಬೆಳಗ್ಗೆ ಎದ್ದರೆ ಹಿನ್ನೀರಿನ ಹುಲ್ಲಲ್ಲಿ ನೂರಾರು ಜಿಂಕೆ ನೋಡಿ ಬೆಳೆದವಳು ನಾನು. ಇಲ್ಲಿ ಒಂದು ಜಿಂಕೆ ಕೊಂದರೆ ಜೈಲು. ಅದೇ ಜಿಂಕೆಯನ್ನ ನಮ್ಮವರೇ ಅಲ್ಲಿ ಲೆಕ್ಕವಿಲ್ಲದೆ ಹೊಡೀಬಹುದು ಅಂದ್ರೆ ಒಪ್ಪೋಕೆ ಮನಸ್ಸು ಬರಲ್ಲ. ಅಲ್ಲಿಗೆ ಅದು ಹೋಗಿದ್ದಾದರೂ ಹೇಗೆ?

ಕೆರ್‌ವಿಲ್_ಮಲೆನಾಡಿಗ:

ಅಕ್ಕಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಮೊದಲ ಸಲ ಇಲ್ಲಿ ಅದರ ಕೂಗು ಕೇಳಿದಾಗ ನನಗೂ ಕೈ ಬರಲಿಲ್ಲ.

ಮನುಷ್ಯರೇ ತಂದು ಬಿಟ್ಟಿದ್ದು. ಟೆಕ್ಸಸ್‌ಗೆ 1932ರಲ್ಲಿ ತಂದರು, ದೊಡ್ಡ ಜಮೀನುದಾರರ ಶೋಕಿಗೆ. ಬೇಲಿ ಹಾರಿ ಹೋದವು ಎಡ್ವರ್ಡ್ಸ್ ಪ್ರಸ್ಥಭೂಮಿ ತುಂಬ ಹಬ್ಬಿದವು. ಹವಾಯಿಗೆ ಅದಕ್ಕೂ ಮುಂಚೆ, 1868ರಲ್ಲಿ, ಐದನೇ ಕಮೆಹಮೆಹ ದೊರೆಗೆ ಉಡುಗೊರೆಯಾಗಿ ಹೋದವು. ಕೃಷ್ಣಮೃಗ, ನೀಲಗಾಯಿ ಕೂಡ ಟೆಕ್ಸಸ್‌ನಲ್ಲಿ ಇದಾವೆ.

ನಿಮ್ಮ ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಜಿಂಕೆ ಮೇಲೆ ಬದುಕ್ತಾವೆ. ಅಲ್ಲಿ ಒಂದು ಜಿಂಕೆಯನ್ನ ಮನುಷ್ಯ ಕದ್ದರೆ ಹುಲಿಯ ಊಟ ಕದ್ದ ಹಾಗೆ. ಇಲ್ಲಿ ಆ ಮೂರೂ ಇಲ್ಲ. ಕಯೋಟಿ ಅನ್ನೋ ಇಲ್ಲಿನ ಕಾಡುನಾಯಿ ಮರಿಗಳನ್ನ ಹಿಡಿಯುತ್ತೆ, ಬೆಳೆದ ಜಿಂಕೆ ಅದರ ಕೈಗೆ ಸಿಗಲ್ಲ. ಹಾಗಾಗಿ ಹಿಂಡು ಬೆಳೀತಾನೇ ಹೋಗುತ್ತೆ. ಇಲ್ಲಿನ ಮೂಲದ ಬಿಳಿಬಾಲದ ಜಿಂಕೆ ಸೊಪ್ಪು, ಚಿಗುರು, ಸಣ್ಣ ಗಿಡ ತಿಂದು ಬದುಕೋದು, ಬರೀ ಹುಲ್ಲು ಅದಕ್ಕೆ ಒಗ್ಗಲ್ಲ. ಚುಕ್ಕೆ ಜಿಂಕೆ ಮೊದಲು ಆ ಸೊಪ್ಪನ್ನೇ ಖಾಲಿ ಮಾಡಿ, ಆಮೇಲೆ ಹುಲ್ಲಿಗೆ ಬಾಯಿ ಹಾಕಿ ಆರಾಮಾಗಿ ಇದ್ದುಬಿಡುತ್ತೆ. ಬರಗಾಲದಲ್ಲಿ ಸಾಯೋದು ಇಲ್ಲಿನದೇ ಜಿಂಕೆ. ಲಾನೋ ಹೊಳೆ ದಂಡೆ ಬೋಳಾಗಿರೋದನ್ನ ಒಮ್ಮೆ ನೋಡಿದರೆ ಗೊತ್ತಾಗುತ್ತೆ.

ಕಬಿನಿ_ದಂಡೆ:

ವಿವರಿಸಿದ್ದಕ್ಕೆ ಧನ್ಯವಾದ. ಇದನ್ನ ನಾನು ಈ ದೃಷ್ಟಿಯಲ್ಲಿ ನೋಡಿರಲಿಲ್ಲ. ಮನಸ್ಸಿಗೆ ಈಗಲೂ ಹಿತ ಇಲ್ಲ, ಅದು ಬೇರೆ ಮಾತು. ಒಂದೇ ಒಂದು ಕೋರಿಕೆ: ಹೊಡೆದ ಜಿಂಕೆ ಜೊತೆ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ. ಅದು ವಾಟ್ಸಾಪಿನಲ್ಲಿ ಊರಿಗೆ ಬರುತ್ತೆ. ಟೆಕ್ಸಸ್ ಅನ್ನೋ ಮಾತು ದಾರಿಯಲ್ಲೇ ಬಿದ್ದುಹೋಗುತ್ತೆ, ಜಿಂಕೆ ಮತ್ತು ಕನ್ನಡ ಮಾತ್ರ ಉಳಿಯುತ್ತೆ. ನಮ್ಮ ಹುಡುಗರ ತಲೆಗೆ ಅದು ಬೇರೆ ರೀತಿ ಹೋಗುತ್ತೆ.

ನಿರ್ವಾಹಕರು:

ಕಬಿನಿಯವರ ಮಾತು ನ್ಯಾಯವಾಗಿದೆ. ಈ ಚರ್ಚೆಯಲ್ಲಿ ಬೇಟೆ ಪ್ರಾಣಿಯ ಫೋಟೋ ಬೇಡ. ರೈಫಲ್, ಗುಂಡು, ಗುರಿಹಲಗೆ ಫೋಟೋ ಹಾಕಬಹುದು.

ಬಾಳೂರು_ತೋಟ:

ಮಾರಾಯ್ರೆ, ನಮ್ಮ ಕಡೆಯ ಕಷ್ಟವನ್ನೂ ಸ್ವಲ್ಪ ಕೇಳಿ. ಮೂಡಿಗೆರೆ ಹತ್ರ ಕಾಫಿ ತೋಟ, ಸ್ವಲ್ಪ ಗದ್ದೆ. ಹಂದಿ ಬಂದು ಗದ್ದೆ ಉತ್ತು ಹೋಗ್ತಾವೆ, ಕಡವೆ ಬಂದು ಎಳೇ ಗಿಡ ಮುರೀತಾವೆ. ಆನೆ ವಿಷಯ ಬಿಡಿ. ಈ ಗಾಳಿ ಕೋವಿಗೆ ಮದ್ದು, ತೋಟಾ ಯಾವುದೂ ಬೇಡ ಅಂತೀರಲ್ಲ, ಲೈಸೆನ್ಸ್ ಇಲ್ಲದೆ ಬೆಳೆ ಕಾಯೋಕೆ ಇಟ್ಕೋಬಹುದಾ? ಅಮೆರಿಕದಿಂದ ಬರೋ ನೆಂಟರ ಹತ್ರ ತರಿಸಬಹುದಾ?

ಧಾರವಾಡ_ರೇಂಜ್:

ತೋಟದ ಅಣ್ಣಾವ್ರ, ಬ್ಯಾಡ್ರಿ. ನಾ ಹುಡುಗ್ರಿಗೆ 10 ಮೀಟರ್ ಏರ್ ರೈಫಲ್ ಕಲಿಸಾಂವ, ಇದರ ಕಾಯ್ದೆ ನನಗ ದಿನಾ ಕೆಲಸಕ್ಕ ಬರತೈತಿ.

2016ರ ಆರ್ಮ್ಸ್ ರೂಲ್ಸ್ ಪ್ರಕಾರ .177, ಅಂದ್ರ 4.5 ಮಿಲಿಮೀಟರ್ ನಳಿಗಿ, ಶಕ್ತಿ 20 ಜೂಲ್ ಒಳಗ ಇದ್ರ ಮಾತ್ರ ಲೈಸೆನ್ಸ್ ಬ್ಯಾಡ. ಇವೆರಡರಾಗ ಒಂದು ದಾಟಿದ್ರೂ ಲೈಸೆನ್ಸ್ ಬೇಕು. ನಮ್ಮ ಹುಡುಗ್ರ ಸ್ಪರ್ಧಾ ರೈಫಲ್ 8 ಜೂಲ್ ಆಸುಪಾಸು. ಟೆಕ್ಸಸ್‌ನಾಗ ಜಿಂಕಿಗೆ ಕನಿಷ್ಠ ಅಂದಿರಲ್ಲ 215 ಫುಟ್‌ಪೌಂಡ್, ಅದು 291 ಜೂಲ್ ಆಗತೈತಿ. .457 ಅಂತೂ 670 ಜೂಲ್ ದಾಟತೈತಿ. ಇದನ್ನ ಲೈಸೆನ್ಸ್ ಇಲ್ದ ಮನ್ಯಾಗ ಇಟ್ರ ಬಂದೂಕು ಇಟ್ಟಂಗ ಕೇಸ್ ಆಕ್ಕತಿ. ನೆಂಟರ ಸೂಟ್‌ಕೇಸಿನಾಗ ಬಂದ್ರ ವಿಮಾನ ನಿಲ್ದಾಣದಾಗ ಅವರೂ ಸಿಗಬೀಳ್ತಾರ.

ಲೈಸೆನ್ಸ್ ಸಿಕ್ಕಿತು ಅಂತ ಇಟ್ಕೊಳ್ಳೋಣ, ಆದ್ರೂ ಹೊಡಿಯೂ ಹಂಗಿಲ್ಲ. 1972ರ ವನ್ಯಜೀವಿ ಕಾಯ್ದೆಯೊಳಗ ಬೇಟಿ ನಿಷೇಧ. ಕೋವಿ ಇಟ್ಕೊಳ್ಳೂದು ಒಂದು ಕಾಯ್ದೆ, ಪ್ರಾಣಿ ಹೊಡಿಯೂದು ಇನ್ನೊಂದು ಕಾಯ್ದೆ. ಕೊಡಗಿನವರಿಗೆ ಕೋವಿ ಲೈಸೆನ್ಸಿನಿಂದ 2029ರ ತನಕ ವಿನಾಯಿತಿ ಐತಿ, ಬೇಟಿಗೆ ಅವರಿಗೂ ವಿನಾಯಿತಿ ಇಲ್ಲ. ಬೆಳಿ ಹಾಳು ಮಾಡೂ ಪ್ರಾಣಿ ಮ್ಯಾಲ ಕ್ರಮ ತಗೊಳ್ಳಾಕ 11ನೇ ಕಲಂ ಒಳಗ ದಾರಿ ಐತಿ, ಆದ್ರ ಅದು ಎಲ್ಲಾ ಪ್ರಾಣಿಗೂ ಅಲ್ಲ, ಮುಖ್ಯ ವನ್ಯಜೀವಿ ಪರಿಪಾಲಕರ ಕಡಿಯಿಂದ ಲಿಖಿತ ಆದೇಶ ಬರಬೇಕು. ಅಲ್ಲಿತನಕ ಸೋಲಾರ್ ಬೇಲಿ, ಬೆಳಿ ಪರಿಹಾರದ ಅರ್ಜಿ. ತಡಾ ಆಗತೈತಿ ಅಂತ ನನಗೂ ಗೊತ್ತೈತ್ರಿ, ನಮ್ಮ ಮಾವನ ಹೊಲಕ್ಕೂ ಹಂದಿ ಬರತಾವ.

ಬಾಳೂರು_ತೋಟ:

ಆಯ್ತು, ತಿಳೀತು. ಉರುಳು, ಸಿಡಿಮದ್ದು ಇಡೋರನ್ನ ನೋಡಿ ನೋಡಿ ಬೇಜಾರಾಗಿ ಕೇಳಿದ್ದು. ಉರುಳಿಗೆ ಹಂದಿ ಬೀಳುತ್ತೋ, ಚಿರತೆ ಬೀಳುತ್ತೋ ಇಟ್ಟವನಿಗೇ ಗೊತ್ತಿರಲ್ಲ. ಗುರಿಯಿಟ್ಟು ಹೊಡೆಯೋದು ಅದಕ್ಕಿಂತ ಮೇಲು ಅಂತ ಅನ್ನಿಸಿತ್ತು. ಪರಿಹಾರದ ಅರ್ಜಿ ಮತ್ತೆ ಹಾಕ್ತೀನಿ.

ಸೇಂಟ್‌ಲೂಯಿಸ್_ಗೌಡ:

ಇತಿಹಾಸ ಇಷ್ಟಪಡೋರಿಗೆ ಒಂದು ಮಾತು. ಗಾಳಿ ರೈಫಲ್‌ನಲ್ಲಿ ದೊಡ್ಡ ಪ್ರಾಣಿ ಬೀಳಿಸೋದು ಈಗಿನ ಹುಚ್ಚಲ್ಲ. 1780ರ ಸುಮಾರಿಗೆ ಬಾರ್ತೊಲೊಮಿಯೊ ಜಿರಾರ್ದೊನಿ ಅನ್ನೋರು ಮಾಡಿದ ರೈಫಲನ್ನ ಆಸ್ಟ್ರಿಯಾದ ಸೈನ್ಯವೇ ಬಳಸ್ತಿತ್ತು. ಹಿಂದಿನ ದಿಮ್ಮಿಯೇ ಗಾಳಿ ಡಬ್ಬ, ತುಂಬಿಸೋಕೆ 1,500 ಸಲದ ಹತ್ತಿರ ಪಂಪ್ ಹೊಡೀಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ಗುಂಡು ಒಂದರ ಹಿಂದೆ ಒಂದು ಹಾರುತ್ತಿದ್ದವು. ಬೇರೆಯವರು ಒಂದೊಂದು ಗುಂಡಿಗೂ ನಿಂತು ಮದ್ದು ಜಡಿಯೋ ಕಾಲ ಅದು! ನಮ್ಮ ಸೇಂಟ್ ಲೂಯಿಸ್ ಕಡೆಯಿಂದ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅನ್ನೋ ಅನ್ವೇಷಕರ ತಂಡವೂ ಒಂದು ಗಾಳಿ ರೈಫಲ್ ಒಯ್ದಿತ್ತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ಅದನ್ನ ಹಾರಿಸಿ ತೋರಿಸಿದ್ದನ್ನ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಈಚಿನ ಕಾಲದಲ್ಲಿ ಇದೇ ಮಿಸೌರಿಯ ಡೆನ್ನಿಸ್ ಕ್ವಾಕೆನ್‌ಬುಷ್ ಕೈಯಿಂದ ಒಂದೊಂದೇ ಮಾಡಿಕೊಡ್ತಾ ಇದನ್ನ ಜೀವಂತ ಇಟ್ಟರು. ಕಾರ್ಖಾನೆ ರೈಫಲ್‌ಗಳು ಆಮೇಲೆ ಬಂದಿದ್ದು.

ಅರಸೀಕೆರೆ_ಆಸ್ಟಿನ್:

ಎಲ್ಲರಿಗೂ ತುಂಬ ಧನ್ಯವಾದ. ಬೇಟೆ ಕೋರ್ಸ್‌ಗೆ ಹೆಸರು ಕೊಟ್ಟೆ. ಈಗ ಗಾಳಿಯ ಪ್ರಶ್ನೆ. ಕೈಪಂಪ್ ಸಾಕಾ, ಕಂಪ್ರೆಸರ್ ಬೇಕಾ? ಒಂದು ಸಲ ತುಂಬಿಸಿದರೆ ಎಷ್ಟು ಗುಂಡು?

ಹ್ಯೂಸ್ಟನ್_ಮೆಕ್ಯಾನಿಕ್:

ನಾನು ಬೇಟೆಗೆ ಹೋಗಲ್ಲ, ಒತ್ತಡದ ಸಿಲಿಂಡರ್‌ಗಳ ಜೊತೆ ಕೆಲಸ. ಇದನ್ನ ಹಗುರವಾಗಿ ತಗೋಬೇಡಿ ಅಂತ ಹೇಳೋಕೆ ಬಂದೆ.

ಟೆಕ್ಸನ್ ಅನ್ನೋ ಮಾದರಿಯ ರೈಫಲ್‌ಗೆ 200 ಬಾರ್ ಚಿಲ್ಲರೆ ಒತ್ತಡದ ಗಾಳಿ ತುಂಬಿಸ್ತಾರೆ, ಹ್ಯಾಮರ್ ಅನ್ನೋ ಮಾದರಿಗೆ 310 ಬಾರ್. ಕಾರಿನ ಟೈರಿನಲ್ಲಿ ಎರಡು, ಎರಡೂವರೆ ಬಾರ್ ಇರುತ್ತೆ, ಲೆಕ್ಕ ಹಾಕ್ಕೊಳ್ಳಿ. ಒಣಗಿದ ಶುದ್ಧ ಗಾಳಿ ಮಾತ್ರ ಹಾಕಬೇಕು. ಆಮ್ಲಜನಕದ ಸಿಲಿಂಡರ್‌ನಿಂದ ಯಾವತ್ತೂ ಬೇಡ. ಕೀಲು, ರಬ್ಬರ್ ರಿಂಗ್‌ಗೆ ಪೆಟ್ರೋಲಿಯಂ ಎಣ್ಣೆ ಹಚ್ಚಬೇಡಿ, ಒತ್ತಡದಲ್ಲಿ ಅದು ಹೊತ್ತಿಕೊಂಡು ಸಿಡಿಯುತ್ತೆ, ಸಿಲಿಕೋನ್ ಗ್ರೀಸ್ ಮಾತ್ರ. ಈ ದೊಡ್ಡ ರೈಫಲ್‌ಗೆ ಕೈಪಂಪ್ ಹೊಡೆದು ಭುಜ ನಡುಗ್ತಾ ಗುರಿ ಇಡೋಕೆ ಹೋಗಬೇಡಿ. ಕಾರ್ಬನ್ ಫೈಬರ್ ಸಿಲಿಂಡರ್ ಕೊಳ್ಳಿ, ಅಂಗಡಿಯಲ್ಲಿ ತುಂಬಿಸ್ಕೊಳ್ಳಿ. ಐದು ವರ್ಷಕ್ಕೊಮ್ಮೆ ಅದಕ್ಕೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಸಾಮಾನ್ಯವಾಗಿ 15 ವರ್ಷಕ್ಕೆ ಆಯಸ್ಸು ಮುಗೀತು. ಹಳೇದು ಕೊಳ್ಳೋವಾಗ ಮೊದಲು ಮೇಲಿನ ತಾರೀಖು ನೋಡಿ.

ಕೆರ್‌ವಿಲ್_ಮಲೆನಾಡಿಗ:

ಅವರು ಹೇಳಿದ್ದು ನೂರಕ್ಕೆ ನೂರು. ಗುಂಡಿನ ಲೆಕ್ಕ: ಎಷ್ಟು ಹಾರುತ್ತೆ ಅನ್ನೋದು ಬೇರೆ, ಎಷ್ಟು ಒಂದೇ ಜಾಗಕ್ಕೆ ಬೀಳುತ್ತೆ ಅನ್ನೋದು ಬೇರೆ. ರೆಗ್ಯುಲೇಟರ್ (ಒತ್ತಡ ಒಂದೇ ಸಮ ಇಡೋ ಭಾಗ) ಇಲ್ಲದ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಒತ್ತಡ ಇಳಿಯುತ್ತೆ, ಒತ್ತಡ ಇಳಿದ ಹಾಗೆ ಗುಂಡು ಕೆಳಗೆ ಬೀಳುತ್ತೆ. .457ರಲ್ಲಿ ಮೊದಲಿನ ಎರಡು ಮಾತ್ರ ನನ್ನ ಲೆಕ್ಕಕ್ಕೆ. ಮೂರನೇದು ಹೊಡೆಯೋ ಪರಿಸ್ಥಿತಿ ಬಂದರೆ ಮತ್ತೆ ತುಂಬಿಸ್ತೀನಿ.

ಹೊಡೆದ ಮೇಲೆ ಏಳಬೇಡಿ. ಎಲ್ಲಿ ನಿಂತಿತ್ತು, ಯಾವ ಕಡೆ ಓಡಿತು ಅಂತ ಒಂದು ಮರ ನೋಡಿ ಗುರುತು ಇಟ್ಕೊಳ್ಳಿ. ಎದೆಗೆ ಬಿದ್ದ ಜಿಂಕೆಯೂ ಸ್ವಲ್ಪ ದೂರ ಓಡಿಯೇ ಬೀಳೋದು. ಅರ್ಧ ಗಂಟೆ ಕೂತು ಆಮೇಲೆ ಜಾಡು ಹಿಡೀರಿ. ನೆತ್ತರು ನಸುಗೆಂಪಾಗಿ ನೊರೆನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತೆ. ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ಹಿಂದೆ ಬಿದ್ದು ಓಡಿಸಬೇಡಿ, ಕೆಲವು ಗಂಟೆ ಬಿಟ್ಟು ನಿಧಾನಕ್ಕೆ ಹೋಗಿ. ಎಷ್ಟೇ ಕತ್ತಲಾದರೂ ಹುಡುಕದೆ ಬಿಟ್ಟು ಬರಬಾರದು. ನಮ್ಮಜ್ಜನ ಕಾಲದಲ್ಲಿ ಗಾಯದ ಪ್ರಾಣಿ ಬಿಟ್ಟು ಬಂದವನನ್ನ ಮುಂದಿನ ಸಲ ಯಾರೂ ಕರೀತಿರಲಿಲ್ಲ. ಆ ಕಟ್ಟುಪಾಡು ಇಲ್ಲಿಗೂ ಇರಲಿ.

ಮಾಂಸದ ಬಗ್ಗೆ. ಹಿಲ್ ಕಂಟ್ರಿಯ ಬೇಸಿಗೆ ಅಂದ್ರೆ 35 ಡಿಗ್ರಿ ಮೇಲೆ. ಬಿದ್ದ ಕೂಡಲೇ ಕರುಳು ತೆಗೀರಿ, ಚರ್ಮ ಸುಲಿದು ನಾಲ್ಕು ತುಂಡು ಮಾಡಿ ಐಸ್ ಪೆಟ್ಟಿಗೆಗೆ ಹಾಕಿ. 4 ಡಿಗ್ರಿಗೆ ಇಳೀಬೇಕು. ಪೆಟ್ಟಿಗೆಯ ನೀರಿನ ಬಿರಡೆ ತೆಗೆದಿಡಿ, ಮಾಂಸ ನೀರಲ್ಲಿ ನೆನೆಯಬಾರದು. ಹಾಗೇ ಮೂರ್ನಾಲ್ಕು ದಿನ ಐಸ್ ಬದಲಿಸ್ತಾ ಇಟ್ಟರೆ ಮೆತ್ತಗಾಗುತ್ತೆ. ಗುಂಡು ಹೊಕ್ಕ ಜಾಗದ ಸುತ್ತ ಅಂಗೈ ಅಗಲ ಕತ್ತರಿಸಿ ಬಿಸಾಡಿ, ಸೀಸದ ಚೂರು ಇರಬಹುದು. ನಿಧಾನದ ಗುಂಡು ವೇಗದ ಗುಂಡಿನಷ್ಟು ಚೂರಾಗಲ್ಲ, ಆದರೂ ಮನೆಯಲ್ಲಿ ಮಕ್ಕಳು ತಿಂತಾರೆ.

ತೀರ್ಥಹಳ್ಳಿ_ಡಲ್ಲಾಸ್:

ಅಡುಗೆ ಬಗ್ಗೆ ನಾನು ಹೇಳ್ತೀನಿ, ನಮ್ಮೆಜಮಾನ್ರು ವರ್ಷಾ ವರ್ಷಾ ತರ್ತಾರೆ. ಚುಕ್ಕೆ ಜಿಂಕೆ ಬಾಡಲ್ಲಿ ಕೊಬ್ಬೇ ಇಲ್ಲ, ಬಿಳಿಬಾಲದ್ದರ ಕಾಡು ವಾಸನೆಯೂ ಇಲ್ಲ. ಇಲ್ಲಿನವರು ಇದನ್ನೇ ಎಲ್ಲಕ್ಕಿಂತ ರುಚಿ ಅಂತಾರೆ. ಬೆನ್ನಿನ ಮಾಂಸವನ್ನ ಸಾರಿಗೆ ಹಾಕಿ ಹಾಳು ಮಾಡಬೇಡಿ. ಕಾಳುಮೆಣಸು, ಉಪ್ಪು ಸವರಿ ಕಾದ ಕಾವಲಿಯಲ್ಲಿ ಬೇಗ ತಿರುವಿ ತೆಗೀರಿ, ಜಾಸ್ತಿ ಬೆಂದರೆ ಒಣಗಿ ನಾರಾಗುತ್ತೆ. ತೊಡೆ, ಮುಂಗಾಲಿನದು ಕುಕ್ಕರಿಗೆ. ಹುರಿದ ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿ ಮಸಾಲೆಗೆ ಕೊನೇಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಒಂದು ಚಮಚ. ಕೊಬ್ಬಿಲ್ಲದ ಮಾಂಸಕ್ಕೆ ಒಗ್ಗರಣೆಯಲ್ಲಿ ತುಪ್ಪ ಧಾರಾಳ ಇರಲಿ. ಕೈಮಾ ಮಾಡಿಸೋದಾದರೆ ಸ್ವಲ್ಪ ಕುರಿ ಕೊಬ್ಬು ಸೇರಿಸಿ ಅರೆಸಿ.

ಬಿಳಿಬಾಲದ ಜಿಂಕೆ ಹೊಡೆದರೆ ಮಾತ್ರ ಸಿಡಬ್ಲ್ಯೂಡಿ ಅನ್ನೋ, ಜಿಂಕೆಯ ಮಿದುಳು ಕೆಡಿಸೋ ರೋಗದ ಪರೀಕ್ಷೆ ಮಾಡಿಸಿ. ಟೆಕ್ಸಸ್‌ನ ಕಾಡು ಜಿಂಕೆಯಲ್ಲಿ 2012ರಿಂದ ಅದು ಕಾಣಿಸ್ಕೊಂಡಿದೆ. ಮಿದುಳು, ಬೆನ್ನುಹುರಿ ಮುಟ್ಟೋದೇ ಬೇಡ, ಪರೀಕ್ಷೆ ಫಲಿತಾಂಶ ಬರೋ ತನಕ ಫ್ರೀಜರ್‌ನಲ್ಲೇ ಇರಲಿ.

ಅರಸೀಕೆರೆ_ಆಸ್ಟಿನ್:

ಅಕ್ಕಾ, ಕಾಚಂಪುಳಿ ಇಲ್ಲಿ ಸಿಗುತ್ತಾ? ಮಲೆನಾಡಿಗ ಅಣ್ಣಾ, ನೀವು ಹೇಳಿದ ಮೇಲೆ ಅವಸರ ಬಿಟ್ಟೆ. ಜಮೀನಿಗೆ ಹೋಗೋ ಮುಂಚೆ ನಾನು ತಯಾರಾಗಿದ್ದೀನಿ ಅಂತ ಹೇಗೆ ತಿಳ್ಕೊಳ್ಳೋದು?

ತೀರ್ಥಹಳ್ಳಿ_ಡಲ್ಲಾಸ್:

ಊರಿಂದ ಬರೋರ ಹತ್ರ ತರಿಸಿ, ಸಣ್ಣ ಬಾಟಲಿ ವರ್ಷ ಬರುತ್ತೆ. ಇಲ್ಲದಿದ್ದರೆ ಹುಣಸೆರಸ ಗಟ್ಟಿಯಾಗಿ ಕುದಿಸಿ ಹಾಕಿ.

ಕೆರ್‌ವಿಲ್_ಮಲೆನಾಡಿಗ:

ನಾಲ್ಕು ಇಂಚಿನ ಕಾಗದದ ತಟ್ಟೆ, 50 ಗಜ. ಬೆಂಚಿನ ಮೇಲೆ ರೈಫಲ್ ಇಟ್ಟು ಅಲ್ಲ, ಕಾಡಿನಲ್ಲಿ ಕೂರೋ ಹಾಗೆ ನೆಲದ ಮೇಲೆ ಕೂತು, ಕೋಲಿನ ಆಸರೆಯಲ್ಲಿ. ಪ್ರತಿ ದಿನ ಮೊದಲ ಗುಂಡು ಮಾತ್ರ ಲೆಕ್ಕ, ಜಿಂಕೆ ನಿಮಗೆ ಕೊಡೋದು ಆ ಒಂದೇ ಅವಕಾಶ. ಬೇರೆ ಬೇರೆ ದಿನದ ಐದು ಮೊದಲ ಗುಂಡುಗಳೂ ತಟ್ಟೆಯೊಳಗೆ ಬಿದ್ದರೆ ನನಗೊಂದು ಮೆಸೇಜ್ ಹಾಕಿ, ಮೊದಲ ಸಲ ನಾನೂ ಜೊತೆಗೆ ಬರ್ತೀನಿ. ಅಷ್ಟರಲ್ಲಿ ಜಮೀನಿನವರಿಂದ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. ದನ ಯಾವ ಕಡೆ ಮೇಯ್ತಾವೆ, ಪಕ್ಕದ ಮನೆ ಎಲ್ಲಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಿಸ್ಕೊಳ್ಳಿ. ಗುಂಡು ಜಿಂಕೆಯಿಂದ ಆಚೆ ಬಂದ ಮೇಲೂ ತುಂಬ ದೂರ ಹೋಗುತ್ತೆ, ಹಿಂದೆ ಮಣ್ಣಿನ ದಿಬ್ಬ ಇರೋ ಜಾಗವನ್ನೇ ಆರಿಸೋಣ.